ಹಳೆಯ ಗರಗಸ ಮಿಷನ್, ಕಾಣೆಯಾದ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಮನೆಗಳ ಕೊಟ್ಟಿಗೆಯಲ್ಲಿ ಮೇಜಿನಂಥ ಗರಗಸ ಮಿಷನ್‌ಗಳು ಈಗಲೂ ಕಾಣಸಿಗುತ್ತವೆ. ಹಲಸಿನ ಮರ ಸೀಳಿ ಬಾಗಿಲು, ದಾರಂದ ಮಾಡಿಸುವಾಗ ತಂದದ್ದು, ಇಲ್ಲವೇ ಕೆಲಸ ನಿಲ್ಲಿಸಿದ ಆಚಾರಿಯವರಿಂದ ಕೊಂಡದ್ದು. ಮೋಟಾರನ್ನು ಯಾರೋ ಬೇರೆ ಕೆಲಸಕ್ಕೆ ಬಿಚ್ಚಿಕೊಂಡಿರುತ್ತಾರೆ. ಮರವನ್ನು ಒರಗಿಸಿ ನೇರ ತಳ್ಳುವ ಗೈಡು ಎಲ್ಲೋ ಹೋಗಿರುತ್ತದೆ. ಇದನ್ನು ಮತ್ತೆ ಓಡಿಸುವುದು ಹೇಗೆ ಅಂತ ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಚೈನ್ ಸಾ, ಕೈಯಲ್ಲಿ ಹಿಡಿಯುವ ಕಟರ್ ಇದರಲ್ಲಿ ಬರುವುದಿಲ್ಲ.

## ಶುರುವಿನ ಪ್ರಶ್ನೆಗಳು

ಅಜ್ಜನ ಕಾಲದ ಮಿಷನ್ ಉಂಟು. ಅರ್ಧ ಪಾರ್ಟ್ಸ್ ಇಲ್ಲ. ಗುಜರಿಗೆ ಹಾಕುವುದಾ, ರಿಪೇರಿ ಮಾಡುವುದಾ?

ಮೂರು ಭಾಗ ನೋಡಿ: ಮೇಲಿನ ಎರಕದ ಮೇಜು, ಬ್ಲೇಡು ಕೂರುವ ಸ್ಪಿಂಡಲ್, ಸ್ಪಿಂಡಲನ್ನು ಹಿಡಿದಿರುವ ಎರಕದ ಮನೆ. ಈ ಮೂರೂ ಒಡೆಯದೆ ಇದ್ದರೆ ರಿಪೇರಿ ಮಾಡಿ. ಉಳಿದದ್ದೆಲ್ಲ ಕೊಳ್ಳಬಹುದು ಅಥವಾ ಮಾಡಿಸಬಹುದು. ಹಳೆಯ ಎರಕದ ಮೇಜಿನ ತೂಕ ಮತ್ತು ಸಮತಟ್ಟು ಈಗಿನ ಅಗ್ಗದ ತಗಡಿನ ಮಿಷನ್‌ನಲ್ಲಿ ಸಿಗುವುದಿಲ್ಲ. ಗುಜರಿಯವನು ಕೊಡುವುದು ಬರೀ ಕಬ್ಬಿಣದ ತೂಕದ ದುಡ್ಡು. ಮೇಜು ಎರಡು ತುಂಡಾಗಿದ್ದರೆ ಮಾತ್ರ ಆಸೆ ಬಿಡಿ.

ಎಂತೆಂತ ಕಾಣೆಯಾಗಿದೆ ಅಂತಲೇ ಗೊತ್ತಾಗುವುದಿಲ್ಲ. ಹೇಗೆ ಪತ್ತೆ ಹಚ್ಚುವುದು?

ಮಿಷನ್ ನಿಮಗೆ ಹೇಳುತ್ತದೆ. ಏನೂ ಕೂರದ ಬೋಲ್ಟಿನ ತೂತು, ಪೈಂಟ್ ಇಲ್ಲದೆ ಹೊಳೆಯುವ ಜಾಗ, ಒಂದು ಕಡೆ ಮಾತ್ರ ಸವೆದ ಅಂಚು, ಇವೆಲ್ಲ ಅಲ್ಲಿ ಏನೋ ಇತ್ತು ಎನ್ನುವ ಗುರುತು. ಮೇಜಿನ ಮುಂದಿನ ಅಂಚಿನಲ್ಲಿ ಸಾಲಾಗಿ ತೂತು ಇದ್ದರೆ ಅದು ಗೈಡು ಓಡುವ ಪಟ್ಟಿಯದು. ಬ್ಲೇಡಿನ ಹಿಂಬದಿ ಕೆಳಗೆ ಎರಡು ಬೋಲ್ಟಿನ ಜಾಗ ಕಂಡರೆ ಅಲ್ಲಿ ರೈವಿಂಗ್ ನೈಫ್ ಎಂಬ ತಗಡು ಇತ್ತು (ಅದರ ವಿವರ ಮುಂದೆ ಇದೆ). ಬಿಚ್ಚುವ ಮೊದಲೇ ಮೊಬೈಲಿನಲ್ಲಿ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಒಂದೊಂದು ಜಾಗದ್ದನ್ನು ಬೇರೆ ಬೇರೆ ತೊಟ್ಟೆಯಲ್ಲಿ ಹಾಕಿ ಹೆಸರು ಬರೆದಿಡಿ. ಮಿಷನ್ ಇದ್ದ ಜಾಗದ ಸುತ್ತ ಮಣ್ಣು, ಅಟ್ಟ, ಮರದ ಪೆಟ್ಟಿಗೆ ಎಲ್ಲ ಹುಡುಕಿ. ಬ್ಲೇಡಿನ ನಟ್ಟು ಮತ್ತು ಅದರ ಸ್ಪ್ಯಾನರ್ ಅಲ್ಲೇ ಬಿದ್ದಿರುವುದು ಜಾಸ್ತಿ.

ಕಂಪೆನಿಯ ಹೆಸರೇ ಇಲ್ಲ. ಅಂಗಡಿಯಲ್ಲಿ ಎಂತ ಹೇಳಿ ಕೇಳುವುದು?

ಹೆಸರು ಬೇಕಾಗಿಲ್ಲ, ಅಳತೆ ಬೇಕು. ಬೇರಿಂಗ್, ಬೆಲ್ಟು, ಪುಲ್ಲಿ, ಮೋಟಾರು ಯಾವ ಕಂಪೆನಿಯ ಮಿಷನ್‌ಗೂ ಸಾಮಾನ್ಯವಾಗಿ ಒಂದೇ ಸ್ಟ್ಯಾಂಡರ್ಡ್ ಅಳತೆಯಲ್ಲಿ ಬರುತ್ತವೆ. ಸೂಕ್ಷ್ಮ ಅಳತೆಯ ಒಂದು ವರ್ನಿಯರ್ ಕ್ಯಾಲಿಪರ್ ಕೊಳ್ಳಿ, ಇಲ್ಲವೇ ಲೇತಿನವರ ಹತ್ತಿರ ಅಳೆಸಿ. ಕಾಸರಗೋಡು, ಪುತ್ತೂರಿನ ಬೇರಿಂಗ್ ಅಂಗಡಿಯಲ್ಲಿ ಸಿಗದ್ದು ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಬೀದಿಗಳಲ್ಲಿ ಸಿಗುತ್ತದೆ. ಆ ಮಿಷನ್‌ಗೇ ಅಂತ ಎರಕ ಹೊಯ್ದ ಭಾಗಗಳು ಮಾತ್ರ ಸಿಗುವುದಿಲ್ಲ. ಅವನ್ನು ಕಬ್ಬಿಣದ ಪಟ್ಟಿ, ಆಂಗಲ್ ಬಳಸಿ ಲೇತ್ ಮತ್ತು ವೆಲ್ಡಿಂಗ್‌ನಲ್ಲಿ ಮಾಡಿಸಿಕೊಳ್ಳಬೇಕು.

ಎಲ್ಲ ತುಕ್ಕು ಹಿಡಿದು ಜಾಮ್ ಆಗಿದೆ. ತೆಂಗಿನೆಣ್ಣೆ ಬಿಟ್ಟರೆ ಆಗ್ತದಾ?

ಬೇಡ. ತೆಂಗಿನೆಣ್ಣೆ ಬರಬರುತ್ತಾ ಕಮಟಾಗಿ ಮರದ ಹುಡಿ ಹಿಡಿಯುತ್ತದೆ. ಚಳಿಯ ಬೆಳಿಗ್ಗೆ ಗಟ್ಟಿಯೂ ಆಗುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ, ನಡುನಡುವೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಎರಕದ ಮೇಲೆ ಕಬ್ಬಿಣದ ಸುತ್ತಿಗೆ ಬೀಸಬೇಡಿ, ಬಿರುಕು ಬಿಡುತ್ತದೆ. ಮೇಜಿನ ಮೇಲಿನ ತುಕ್ಕನ್ನು ಸೀಮೆಎಣ್ಣೆ ಮತ್ತು ನಯವಾದ ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿ. ಗ್ರೈಂಡರ್ ಹಿಡಿದರೆ ಮೇಜಿನಲ್ಲಿ ತಗ್ಗು ಬೀಳುತ್ತದೆ, ಅದನ್ನು ಮತ್ತೆ ಸರಿ ಮಾಡಲು ಮಷಿನಿಂಗ್‌ಗೇ ಕೊಡಬೇಕು.

ಮೋಟಾರು ಇದೆ. ಸುಮ್ನೆ ಒಮ್ಮೆ ಕರೆಂಟು ಕೊಟ್ಟು ನೋಡಬಹುದಾ?

ದಯವಿಟ್ಟು ಬೇಡ. ನಮ್ಮ ಕಡೆ ನಿಂತ ಮೋಟಾರಿನೊಳಗೆ ಇರುವೆ, ಮಣ್ಣಿನ ಗೂಡು ಕಟ್ಟುವ ಕಣಜ, ಹಲ್ಲಿ ಎಲ್ಲ ಸೇರಿಕೊಂಡಿರುತ್ತವೆ. ಜೊತೆಗೆ ಎಷ್ಟೋ ಮಳೆಗಾಲದ ತೇವ. ಮೊದಲು ಬೆಲ್ಟು ಬಿಚ್ಚಿ ಕೈಯಲ್ಲಿ ತಿರುಗಿಸಿ. ಸರಾಗ ತಿರುಗಬೇಕು. ಆಮೇಲೆ ವೈಂಡಿಂಗ್ ಅಂಗಡಿಯಲ್ಲಿ ಕರೆಂಟು ಬಾಡಿಗೆ ಸೋರುತ್ತದೆಯೇ ಅಂತ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿಸಿ. ಕಾಯಿಲ್ ಮತ್ತು ಬಾಡಿಯ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಓಡಿಸುವ ಹಾಗಿಲ್ಲ. ತೇವ ಮಾತ್ರ ಕಾರಣವಾದರೆ ಕವರ್ ತೆಗೆದು, 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬಿನ ಶಾಖದಲ್ಲಿ ಒಂದೆರಡು ದಿನ ಒಣಗಿಸಿ ಮತ್ತೆ ಅಳೆದರೆ ಅಂಕಿ ಏರುತ್ತದೆ. ಏರದಿದ್ದರೆ ವೈಂಡಿಂಗ್ ಹೋಗಿದೆ.

## ಇಲ್ಲದ ಭಾಗಗಳನ್ನು ಹೊಂದಿಸುವುದು

ಬೇರಿಂಗ್ ಇಲ್ಲವೇ ಇಲ್ಲ. ನಂಬರ್ ಹೇಗೆ ಗೊತ್ತಾಗುವುದು?

ಸ್ಪಿಂಡಲಿನ ದಪ್ಪ, ಮನೆಯ ಒಳ ಅಗಲ, ಆಳ, ಮೂರು ಅಳತೆ ಸಾಕು. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಮಿ.ಮೀ. ಸಿಗುತ್ತದೆ. 6204 ಅಂದರೆ 20 ಮಿ.ಮೀ., 6205 ಅಂದರೆ 25. ಇದು 04ರಿಂದ ಮೇಲೆ ಅನ್ವಯಿಸುತ್ತದೆ. 6203ರ ಒಳತೂತು 17 ಮಿ.ಮೀ. 6204ರ ಹೊರ ಅಗಲ 47, ದಪ್ಪ 14. 6205ರದ್ದು 52 ಮತ್ತು 15. ಮರದ ಹುಡಿಯಲ್ಲಿ ಕೆಲಸ ಮಾಡುವ ಮಿಷನ್‌ಗೆ ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ತಗಡಿನ ಮುಚ್ಚಳದ ಝಡ್‌ಝಡ್‌ನಲ್ಲಿ ಹುಡಿ ನುಗ್ಗುತ್ತದೆ. ಒಂದು ಬದಿ ಹೋಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ.

ಬೆಲ್ಟೂ ಇಲ್ಲ, ಒಂದು ಪುಲ್ಲಿಯೂ ಇಲ್ಲ. ಯಾವ ಸೈಜು ಹಾಕುವುದು?

ಪುಲ್ಲಿಯ ಲೆಕ್ಕ ಮೊದಲು, ಬೆಲ್ಟು ಆಮೇಲೆ. ಮೋಟಾರಿನ ವೇಗವನ್ನು ಮೋಟಾರಿನ ಪುಲ್ಲಿಯ ವ್ಯಾಸದಿಂದ ಗುಣಿಸಿ, ಸ್ಪಿಂಡಲಿನ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಬ್ಲೇಡಿನ ವೇಗ. 1440 ಸುತ್ತಿನ ಮೋಟಾರಿಗೆ 6 ಇಂಚು, ಸ್ಪಿಂಡಲಿಗೆ 3 ಇಂಚು ಹಾಕಿದರೆ ಬ್ಲೇಡು ನಿಮಿಷಕ್ಕೆ 2880 ಸುತ್ತು. 12 ಇಂಚಿನ ಬ್ಲೇಡಿಗೆ ಇದು ಒಳ್ಳೆಯ ವೇಗ. ಹಲ್ಲಿನ ತುದಿ ಆಗಲೇ ಗಂಟೆಗೆ 160 ಕಿ.ಮೀ.ಗಿಂತ ಜಾಸ್ತಿ ಓಡುತ್ತಿರುತ್ತದೆ. ಬೇಗ ಕೊಯ್ಯಲಿ ಅಂತ ಸ್ಪಿಂಡಲಿಗೆ ಇನ್ನೂ ಸಣ್ಣ ಪುಲ್ಲಿ ಹಾಕಿ ವೇಗ ಏರಿಸಬೇಡಿ. ಬ್ಲೇಡಿನ ಮೇಲೆ ಕೆತ್ತಿದ ಗರಿಷ್ಠ ವೇಗವನ್ನು ಯಾವತ್ತೂ ದಾಟಬಾರದು. ಹಳೆಯ ಬೇರಿಂಗ್ ಮತ್ತು ಸ್ಪಿಂಡಲ್ ಯಾವ ವೇಗಕ್ಕೆ ಮಾಡಿದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಬೆಲ್ಟಿಗೆ, ಮೋಟಾರನ್ನು ಜಾರುಪಟ್ಟಿಯ ನಡುವಿನಲ್ಲಿ ನಿಲ್ಲಿಸಿ ಎರಡೂ ಪುಲ್ಲಿಯ ಹೊರ ಅಂಚಿನ ಸುತ್ತ ಹಗ್ಗ ಬಿಗಿದು ಅಳೆಯಿರಿ. ಎ ಸೆಕ್ಷನ್ ಬೆಲ್ಟು 13 ಮಿ.ಮೀ. ಅಗಲ, ಬಿ ಸೆಕ್ಷನ್ 17. ಎ ಸೆಕ್ಷನ್ ಆದರೆ ಹಗ್ಗದ ಉದ್ದದಲ್ಲಿ 2 ಇಂಚು ಕಳೆದರೆ ಬೆಲ್ಟಿನ ನಂಬರ್ ಹತ್ತಿರ ಹತ್ತಿರ ಬರುತ್ತದೆ, 44 ಇಂಚಾದರೆ ಎ-42. ಎರಡು ಪುಲ್ಲಿಯೂ ಒಂದೇ ಸಾಲಿನಲ್ಲಿ ಇದೆಯೇ ಅಂತ ನೇರ ಪಟ್ಟಿ ಹಿಡಿದು ನೋಡಿ.

ಬ್ಲೇಡಿನ ನಟ್ಟು ಇಲ್ಲ. ಅದೇ ಸೈಜಿನ ಬೇರೆ ನಟ್ಟು ಹಾಕಿದರೆ ಸಾಲದಾ?

ಸಾಲದು. ಇಲ್ಲಿ ಎರಡು ವಿಷಯ ಇದೆ. ಒಂದು, ಥ್ರೆಡ್ಡು ಎಡಗೈಯದ್ದಾ ಬಲಗೈಯದ್ದಾ ಎನ್ನುವುದು. ಬ್ಲೇಡು ತಿರುಗುವ ದಿಕ್ಕಿಗೇ ನಟ್ಟು ತಿರುಗಿಸಿದರೆ ಅದು ಬಿಚ್ಚಬೇಕು. ಹಾಗಿದ್ದರೆ ಸ್ಟಾರ್ಟ್ ಆಗುವ ಎಳೆತಕ್ಕೆ ನಟ್ಟು ತನ್ನಷ್ಟಕ್ಕೆ ಬಿಗಿಯಾಗುತ್ತದೆ. ಉಲ್ಟಾ ಆದರೆ ಓಡುತ್ತಿರುವಾಗಲೇ ಬಿಚ್ಚಿಕೊಳ್ಳುತ್ತದೆ. ಮೋಟಾರು ಬದಲಿಸಿದವರು ಇದನ್ನು ಮರೆಯುತ್ತಾರೆ. ಹಲ್ಲಿನ ಮೊನೆ ಮೇಜಿನ ಮೇಲೆ ನಿಮ್ಮ ಕಡೆಗೆ ಬರುವಂತೆ ಬ್ಲೇಡು ತಿರುಗಬೇಕು. ದಿಕ್ಕು ತಪ್ಪಿದ್ದರೆ ಮೋಟಾರಿನ ವೈರ್ ಬದಲಿಸಬೇಕೇ ಹೊರತು ಬ್ಲೇಡನ್ನು ಮಗುಚಿ ಹಾಕಬಾರದು. ಥ್ರೀ ಫೇಸ್‌ನಲ್ಲಿ ಯಾವುದಾದರೂ ಎರಡು ಫೇಸ್ ಅದಲು ಬದಲು ಮಾಡಿದರೆ ಸಾಕು. ಸಿಂಗಲ್ ಫೇಸ್‌ನಲ್ಲಿ ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಬದಲಿಸಬೇಕು.

ಎರಡನೆಯದು ಬ್ಲೇಡಿನ ಎರಡು ಬದಿಯ ದಪ್ಪ ವಾಷರ್, ಅಂದರೆ ಫ್ಲ್ಯಾಂಜು. ಎರಡೂ ಒಂದೇ ಅಗಲ ಇರಬೇಕು. ನಡುಭಾಗ ಸ್ವಲ್ಪ ತಗ್ಗಾಗಿ, ಹೊರ ಉಂಗುರ ಮಾತ್ರ ಬ್ಲೇಡಿಗೆ ತಾಗಬೇಕು. ಇದನ್ನು ಮತ್ತು ನಟ್ಟನ್ನು ಒಟ್ಟಿಗೇ ಲೇತಿನಲ್ಲಿ ಮಾಡಿಸಿ. ಸ್ಪಿಂಡಲನ್ನೇ ಬಿಚ್ಚಿ ಕೊಂಡುಹೋದರೆ ಥ್ರೆಡ್ಡು ಸರಿಯಾಗಿ ಹೊಂದುತ್ತದೆ. ಬ್ಲೇಡಿನ ತೂತು 30 ಮಿ.ಮೀ., ಸ್ಪಿಂಡಲ್ 25.4 ಆದರೆ ಅಳತೆಗೆ ಕಡೆದ ಉಂಗುರ ಹಾಕಿ. ಡಬ್ಬದ ತಗಡು ಸುತ್ತಿ ಕೂರಿಸಿದ ಬ್ಲೇಡು ನಡು ತಪ್ಪಿ ತಿರುಗುತ್ತದೆ.

ಗೈಡು ಇಲ್ಲ. ಮನೆಯಲ್ಲೇ ಮಾಡಬಹುದಾ?

ಆರಾಮಾಗಿ ಮಾಡಬಹುದು. ಅಲ್ಯುಮಿನಿಯಂ ಕಿಟಕಿ ಮಾಡುವವರ ಹತ್ತಿರ ದಪ್ಪದ ಚೌಕ ಸೆಕ್ಷನ್ ಕೇಳಿ. ಅದರ ಮುಂತುದಿಗೆ ಆಂಗಲ್ ಜೋಡಿಸಿ, ಮೇಜಿನ ಅಂಚು ಹಿಡಿಯುವ ಹಾಗೆ ಮಾಡಿ, ಹಿಂತುದಿಗೆ ಒಂದು ಕ್ಲಾಂಪು. ಮುಖ್ಯ ವಿಷಯ, ಅದು ಬ್ಲೇಡಿಗೆ ಸಮಾನಾಂತರ ಇರಬೇಕು. ಒಂದು ಹಲ್ಲಿಗೆ ಚಾಕಿನ ಗುರುತು ಹಾಕಿ, ಅದೇ ಹಲ್ಲನ್ನು ಮುಂದೆ ತಂದು ಗೈಡಿಗೆ ಇರುವ ದೂರ ಅಳೆದು, ತಿರುಗಿಸಿ ಹಿಂದೆ ತಂದು ಮತ್ತೆ ಅಳೆಯಿರಿ. ಹಿಂದೆ ಅರ್ಧ ಮಿ.ಮೀ.ಯಷ್ಟು ಜಾಸ್ತಿ ಇದ್ದರೆ ತೊಂದರೆ ಇಲ್ಲ. ಕಡಿಮೆ ಇದ್ದರೆ ಮರ ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ರೈವಿಂಗ್ ನೈಫ್ ಅಂದರೆ ಎಂತ? ನಮ್ಮ ಆಚಾರಿಯವರು ಅದಿಲ್ಲದೆಯೇ ಕೆಲಸ ಮಾಡ್ತಿದ್ದರಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬ್ಲೇಡಿನ ಹಿಂದೆ, ಅದೇ ಸಾಲಿನಲ್ಲಿ ನಿಲ್ಲುವ ಬಾಗಿದ ತಗಡು ಅದು. ಹಸಿ ಹಲಸೋ ಮಾವೋ ಸೀಳುವಾಗ ಮರದೊಳಗಿನ ಬಿಗಿತ ಬಿಟ್ಟು ಸೀಳು ಮತ್ತೆ ಮುಚ್ಚಿಕೊಳ್ಳುತ್ತದೆ. ಆಗ ಬ್ಲೇಡಿನ ಹಿಂಭಾಗದ ಹಲ್ಲು ಮರವನ್ನು ಎತ್ತಿ ನೇರ ನಿಮ್ಮ ಹೊಟ್ಟೆಗೆ ಎಸೆಯುತ್ತದೆ. ಮರ ಹೋದಾಗ ಅದರ ಹಿಂದೆ ಒತ್ತುತ್ತಿದ್ದ ಕೈ ಬ್ಲೇಡಿನ ಮೇಲೆ ಬೀಳುತ್ತದೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಹುಷಾರಾಗಿದ್ದರೆ ತಪ್ಪಿಸಬಹುದು ಅನ್ನುವ ಮಾತು ನಿಲ್ಲುವುದಿಲ್ಲ. ಸೀಳು ಮುಚ್ಚದ ಹಾಗೆ ಹಿಡಿಯುವುದು ಈ ತಗಡಿನ ಕೆಲಸ. ಅದಿಲ್ಲದೆ ಕೆಲಸ ಮಾಡಿದ ಎಷ್ಟೋ ಹಿರಿಯ ಆಚಾರಿಗಳ ಕೈಬೆರಳು ನೋಡಿದರೆ ಉತ್ತರ ಅಲ್ಲೇ ಇದೆ.

ಮಾಡಿಸುವುದು ಕಷ್ಟವಿಲ್ಲ. ದಪ್ಪ ಮಾತ್ರ ಸರಿ ಇರಬೇಕು: ಬ್ಲೇಡಿನ ತಟ್ಟೆಗಿಂತ ಜಾಸ್ತಿ, ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆ. ತಟ್ಟೆ 2.2 ಮಿ.ಮೀ., ಕೊಯ್ತ 3.2 ಆದರೆ 2.5 ಮಿ.ಮೀ.ಯ ಗಟ್ಟಿ ಉಕ್ಕಿನ ತಗಡು ಸರಿ. ಬ್ಲೇಡಿನ ದುಂಡಗೆ ಹೊಂದುವ ಹಾಗೆ ಕತ್ತರಿಸಿ, ಹಲ್ಲಿನಿಂದ 3ರಿಂದ 8 ಮಿ.ಮೀ. ದೂರ ನಿಲ್ಲಿಸಿ, ಎರಡು ಬೋಲ್ಟಿನಲ್ಲಿ ಬಿಗಿಯಿರಿ. ಬ್ಲೇಡು ಮೇಲೆ ಕೆಳಗೆ ಹೋಗುವ ಮಿಷನ್ ಆದರೆ ತಗಡು ಸ್ಪಿಂಡಲಿನ ಮನೆಗೆ ಸೇರಿರಬೇಕು, ಮೇಜಿಗಲ್ಲ. ಇದು ಬರುವವರೆಗೆ ಒಂದು ರೀಪನ್ನೂ ಸೀಳಬೇಡಿ.

ಮೇಲಿನ ಮುಚ್ಚಳ, ಮೇಜಿನ ನಡುವಿನ ಪ್ಲೇಟು ಎರಡೂ ಇಲ್ಲ. ಅಗತ್ಯ ಉಂಟಾ?

ಎರಡೂ ಬೇಕು. ಪ್ಲೇಟಿಗೆ 12 ಮಿ.ಮೀ. ಪ್ಲೈವುಡ್ ಸಾಕು, ಮೇಜಿನ ಮಟ್ಟಕ್ಕೆ ಸರಿಯಾಗಿ ಕೂರಲಿ. ಇಲ್ಲದಿದ್ದರೆ ಸಣ್ಣ ತುಂಡುಗಳು ಸಂದಿಗೆ ಬಿದ್ದು ಬ್ಲೇಡು ಅವನ್ನು ಎಸೆಯುತ್ತದೆ. ಮುಚ್ಚಳವನ್ನು ದಪ್ಪ ಪಾಲಿಕಾರ್ಬೊನೇಟ್ ಶೀಟಿನಿಂದ ಮಾಡಿ ರೈವಿಂಗ್ ನೈಫಿನ ಮೇಲ್ತುದಿಗೇ ಜೋಡಿಸಬಹುದು.

## ಮೋಟಾರು ಮತ್ತು ಕರೆಂಟು

ಸ್ವಿಚ್ ಹಾಕಿದರೆ ಗುಂಯ್ ಅಂತದೆ, ತಿರುಗುವುದಿಲ್ಲ.

ತಕ್ಷಣ ಆಫ್ ಮಾಡಿ, ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ. ಬೆಲ್ಟು ಬಿಚ್ಚಿಯೂ ಹೀಗೇ ಆದರೆ ಸಿಂಗಲ್ ಫೇಸ್ ಮೋಟಾರಿನಲ್ಲಿ ಕಾರಣ ಸಾಮಾನ್ಯವಾಗಿ ಎರಡು: ಕೆಪಾಸಿಟರ್ ಸತ್ತಿದೆ, ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿಗೆ ತುಕ್ಕು ಹಿಡಿದಿದೆ. ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟು ಅಷ್ಟೇ ಅಥವಾ ಜಾಸ್ತಿ ಇರಲಿ. ಕರೆಂಟು ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ. ಹೋಲ್ಡರಿನಲ್ಲಿ ಹಾಕಿದ ತಂತಿ ಬಲ್ಬಿನ ಎರಡು ವೈರ್ ತಾಗಿಸಿ ಖಾಲಿ ಮಾಡಿದ ಮೇಲೆಯೇ ಮುಟ್ಟಿ. ಥ್ರೀ ಫೇಸ್ ಮೋಟಾರು ಹೀಗೆ ಗುಂಯ್‌ಗುಟ್ಟಿದರೆ ಒಂದು ಫೇಸ್ ಬರುತ್ತಿಲ್ಲ ಎಂದರ್ಥ.

ಮಿಷನ್‌ನಲ್ಲಿ ಇರುವುದು ಥ್ರೀ ಫೇಸ್ ಮೋಟಾರು. ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ. ದಾರಿ ಉಂಟಾ?

ಸುಲಭದ್ದು, ಅದೇ ವೇಗದ 2 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಹಾಕುವುದು. ಮೋಟಾರು ಚೆನ್ನಾಗಿದ್ದು ಉಳಿಸಿಕೊಳ್ಳುವ ಮನಸ್ಸಿದ್ದರೆ ವಿಎಫ್‌ಡಿ ಹಾಕಬಹುದು. ಅದು 230 ವೋಲ್ಟಿನ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ಥ್ರೀ ಫೇಸ್ ಕೊಡುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟಾರುಗಳು ಹೆಚ್ಚಾಗಿ 415 ವೋಲ್ಟಿಗೆ ಸ್ಟಾರ್ ಎಂಬ ಕಾಯಿಲ್ ಜೋಡಣೆಯಲ್ಲಿ ಇರುತ್ತವೆ. ಅದನ್ನು ಡೆಲ್ಟಾ ಎಂಬ ಇನ್ನೊಂದು ಜೋಡಣೆ ಮಾಡಿದರೆ 240 ವೋಲ್ಟಿಗೆ ಸರಿಯಾಗುತ್ತದೆ. ಹೊರಗೆ ಮೂರೇ ವೈರ್ ಬಂದಿದ್ದರೆ ವೈಂಡಿಂಗಿನವರು ಒಳಗಿನ ಗಂಟು ಬಿಡಿಸಿ ಆರು ತುದಿ ಹೊರತೆಗೆಯಬೇಕು. 3 ಎಚ್‌ಪಿ ಮತ್ತು ಮೇಲಿನವು ಸಾಮಾನ್ಯವಾಗಿ ಮೊದಲೇ 415ಕ್ಕೆ ಡೆಲ್ಟಾ, ಅವಕ್ಕೆ ಈ ದಾರಿ ಇಲ್ಲ. ಬರೀ ಕೆಪಾಸಿಟರ್ ಕಟ್ಟಿ ಓಡಿಸುವ ಉಪಾಯ ಗರಗಸಕ್ಕೆ ಬೇಡ. ಶಕ್ತಿ ಕುಗ್ಗುತ್ತದೆ, ಮರದ ನಡುವೆ ಬ್ಲೇಡು ನಿಲ್ಲುತ್ತದೆ.

ತೋಟದ ಹಳೆಯ ಪಂಪಿನ ಮೋಟಾರು ಹಾಕಿದರೆ ಆಗ್ತದಾ?

ಮೋನೋಬ್ಲಾಕ್ ಆದರೆ ಇಲ್ಲ. ಅದರ ಶಾಫ್ಟಿನ ತುದಿಯಲ್ಲೇ ಪಂಪು ಕೂತಿರುತ್ತದೆ, ಪುಲ್ಲಿ ಹಾಕಲು ಜಾಗವೂ ಇಲ್ಲ, ಬೆಲ್ಟಿನ ಅಡ್ಡ ಎಳೆತ ತಡೆಯುವ ಬೇರಿಂಗೂ ಇಲ್ಲ. ಪಂಪು ಬೇರೆ, ಮೋಟಾರು ಬೇರೆ ಇದ್ದ ಹಳೆಯ ಸೆಟ್ಟಿನದ್ದಾದರೆ, ಕಾಲಿರುವ ಮೋಟಾರಾದರೆ ಆಗುತ್ತದೆ. ಗಾಳಿ ಹೋಗುವ ಜಾಲರಿ ಇರುವ ಮೋಟಾರಿನೊಳಗೆ ಮರದ ಹುಡಿ ತುಂಬುತ್ತದೆ. ಪೂರ್ತಿ ಮುಚ್ಚಿ ಹಿಂದೆ ಫ್ಯಾನ್ ಇರುವಂಥದ್ದು ನೋಡಿ.

ಪ್ಲೇಟು ಇಲ್ಲದ ಮೋಟಾರಿನ ಎಚ್‌ಪಿ ಅಂದಾಜಿಗೆ ಮೋಟಾರಿನ ಕಾಲಿನ ಅಡಿಯಿಂದ ಶಾಫ್ಟಿನ ನಡುವಿಗೆ ಅಳೆಯಿರಿ. ಮಿ.ಮೀ. ಅಳತೆಯ 1440 ಸುತ್ತಿನ ಥ್ರೀ ಫೇಸ್ ಮೋಟಾರಿನಲ್ಲಿ 90 ಮಿ.ಮೀ. ಎತ್ತರ, 24 ಮಿ.ಮೀ. ಶಾಫ್ಟು ಇದ್ದರೆ 1.5 ಅಥವಾ 2 ಎಚ್‌ಪಿ. 100 ಮತ್ತು 28 ಇದ್ದರೆ 3 ಎಚ್‌ಪಿ ಆಸುಪಾಸು.

ಮಾಮೂಲಿ ಸ್ವಿಚ್ ಸಾಕಲ್ಲ, ಸ್ಟಾರ್ಟರ್ ಯಾಕೆ?

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬರುವುದು ಗೊತ್ತೇ ಇದೆ. ನೀವು ಬ್ಲೇಡು ಬದಲಿಸುತ್ತಿರುವಾಗ ಕರೆಂಟು ಬಂದರೆ? ಡಿಒಎಲ್ ಸ್ಟಾರ್ಟರ್ ಕರೆಂಟು ಹೋದ ಕೂಡಲೇ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತದೆ ಓಡುವುದಿಲ್ಲ. ಓವರ್‌ಲೋಡ್ ರಿಲೇ ಮೋಟಾರಿನ ಆಂಪಿಯರಿಗೆ ಸೆಟ್ ಮಾಡಿ. ವೈರ್ 2.5 ಚದರ ಮಿ.ಮೀ. ತಾಮ್ರದ್ದು, ಶೆಡ್ಡು ಮನೆಯಿಂದ ದೂರ ಇದ್ದರೆ 4. ಅರ್ತಿಂಗ್ ಮತ್ತು ಶಾಕ್ ಹೊಡೆದರೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎರಡೂ ಬೇಕು. ಇಷ್ಟಾದರೂ ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ.

## ಸ್ವಲ್ಪ ಮುಂದುವರಿದವರಿಗೆ

ಬ್ಲೇಡು ಎತ್ತುವ ಎರಕದ ಬ್ರಾಕೆಟ್ ಬಿರುಕು ಬಿಟ್ಟಿದೆ. ವೆಲ್ಡ್ ಆಗ್ತದಾ?

ಮಾಮೂಲಿ ರಾಡಿನಲ್ಲಿ ಆಗುವುದಿಲ್ಲ, ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು, ವಿ ಆಕಾರಕ್ಕೆ ತೆರೆದು, ಬಿಸಿ ಮಾಡಿ, ನಿಕ್ಕಲ್ ರಾಡಿನಲ್ಲಿ ಚಿಕ್ಕ ಚಿಕ್ಕ ಹೊಲಿಗೆ ಹಾಕಿ, ಬೂದಿಯಲ್ಲಿ ಮುಚ್ಚಿ ನಿಧಾನ ತಣಿಸಬೇಕು. ಹಿತ್ತಾಳೆ ಬ್ರೇಜಿಂಗೂ ಒಳ್ಳೆಯದೇ. ಎರಕದ ಕೆಲಸ ಗೊತ್ತಿರುವವರನ್ನೇ ಹುಡುಕಿ. ಸ್ಪಿಂಡಲಿನ ಮನೆಯೇ ಬಿರುಕು ಬಿಟ್ಟಿದ್ದರೆ ವೆಲ್ಡಿಂಗನ್ನು ನಂಬಬೇಡಿ.

ನಮ್ಮದರಲ್ಲಿ ಬಾಲ್ ಬೇರಿಂಗೇ ಇಲ್ಲ, ಬಿಳಿ ಲೋಹದ ಬುಷ್. ಅದು ಕರಗಿ ಹೋಗಿದೆ.

ಅದು ಬ್ಯಾಬಿಟ್. ಮನೆಯಲ್ಲಿ ಕರಗಿಸಿ ಹೊಯ್ಯಲು ಹೋಗಬೇಡಿ. ಅದರಲ್ಲಿ ಸೀಸ ಇರಬಹುದು, ಅಚ್ಚಿನಲ್ಲಿ ಒಂದು ಹನಿ ನೀರಿದ್ದರೆ ಲೋಹ ಸಿಡಿಯುತ್ತದೆ. ಹಳೆಯ ಬುಷ್ ತೆಗೆದು ಪೆಡೆಸ್ಟಲ್ ಬೇರಿಂಗ್ ಬ್ಲಾಕ್ ಕೂರಿಸುವುದು ಸುಲಭ. 25 ಮಿ.ಮೀ. ಶಾಫ್ಟಿಗೆ ಯುಸಿಪಿ 205, 30ಕ್ಕೆ 206. ಶಾಫ್ಟು ಸವೆದಿದ್ದರೆ ಹೊಸದನ್ನೇ ಕಡೆಸಿ. ಅದರ ಎತ್ತರ ಮೊದಲಿನಷ್ಟೇ ಬರುವಂತೆ ಅಡಿಗೆ ಕಬ್ಬಿಣದ ಪಟ್ಟಿ ಕೊಡಬೇಕಾಗಬಹುದು.

ಎಲ್ಲ ಹೊಸದು ಹಾಕಿದರೂ ಬ್ಲೇಡು ತೂಗಾಡ್ತದೆ.

ಪ್ಲಗ್ ತೆಗೆದು, ಓರೆ ಅಳೆಯುವ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. ಮೊದಲು ಒಳಗಿನ ಫ್ಲ್ಯಾಂಜಿನ ಮುಖ ನೋಡಿ. ಅಲ್ಲಿನ ಒಂದು ಕೂದಲೆಳೆಯ ಓರೆ ಬ್ಲೇಡಿನ ಅಂಚಿಗೆ ಬರುವಾಗ ಹಲವು ಪಟ್ಟು ಆಗುತ್ತದೆ. ತುಕ್ಕಿನ ಚೂರು, ಅಂಟಿದ ಮರದ ಹುಡಿ ಸಾಕು ಇಷ್ಟಕ್ಕೆ. ಫ್ಲ್ಯಾಂಜು ಸರಿ ಇದ್ದರೆ ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ಓರೆ ಬ್ಲೇಡಿನ ಜೊತೆಗೇ ಸರಿದರೆ ಬ್ಲೇಡು ಬಗ್ಗಿದೆ. ಸರಿಯದೆ ಅಲ್ಲೇ ನಿಂತರೆ ಸ್ಪಿಂಡಲ್ ಬಗ್ಗಿದೆ.

ಹಲಸು, ತೆಂಗು, ಹಳೆಯ ಮನೆಯ ಪಕ್ಕಾಸು, ಎಲ್ಲದಕ್ಕೂ ಒಂದೇ ಬ್ಲೇಡು ಸಾಕಾ?

ಉದ್ದಕ್ಕೆ ಸೀಳಲು 12 ಇಂಚಿನಲ್ಲಿ 24ರಿಂದ 40 ಹಲ್ಲು, ಅಡ್ಡ ಕೊಯ್ಯಲು 60ಕ್ಕಿಂತ ಜಾಸ್ತಿ. ತೆಂಗಿನ ಮರದ ಹೊರಭಾಗ ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ, ಅದಕ್ಕೆ ಹಲ್ಲಿನ ತುದಿಗೆ ಕಾರ್ಬೈಡ್ ಕೂರಿಸಿದ ಟಿಸಿಟಿ ಬ್ಲೇಡೇ ಬೇಕು. ಹಸಿ ಹಲಸಿನ ಮೇಣ ಬ್ಲೇಡಿಗೆ ಅಂಟಿದರೆ ಕೊಯ್ಯುವಾಗ ಹೊಗೆ ಬರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆಯಿರಿ. ಹಳೆಯ ಪಕ್ಕಾಸಿನಲ್ಲಿ ಮೊಳೆ ಇದ್ದೇ ಇರುತ್ತದೆ. ದೊಡ್ಡ ಆಯಸ್ಕಾಂತ ಓಡಿಸಿ ನೋಡಿದ ಮೇಲೆಯೇ ಮಿಷನ್‌ಗೆ ಕೊಡಿ.

ನೆರೆಕರೆಯವರ ಮರವನ್ನೂ ಕೂಲಿಗೆ ಸೀಳಿ ಕೊಡಬಹುದಾ?

ಮನೆಯ ಸಣ್ಣಪುಟ್ಟ ಕೆಲಸ ಬೇರೆ, ದಿಮ್ಮಿ ಸೀಳುವ ಮಿಲ್ಲು ಬೇರೆ. ಕೇರಳದಲ್ಲಿ ಮರದ ಮಿಲ್ಲಿಗೆ ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. ದುಡ್ಡಿಗೆ ಮಾಡುವ ಯೋಚನೆ ಇದ್ದರೆ ಮೊದಲೇ ರೇಂಜ್ ಆಫೀಸಿನಲ್ಲಿ, ಪಂಚಾಯತಿನಲ್ಲಿ ಕೇಳಿ. ಮನೆಯ ಕರೆಂಟು ಕನೆಕ್ಷನ್‌ನಲ್ಲಿ ಇಂಥ ವ್ಯಾಪಾರ ಮಾಡುವ ಹಾಗೂ ಇಲ್ಲ, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯಲ್ಲಿ ಅದಕ್ಕೆ ಬೇರೆ ದರದ ಕನೆಕ್ಷನ್ ತೆಗೆದುಕೊಳ್ಳಬೇಕು.

ರಿಪೇರಿ ಆಯಿತು. ಜೂನ್ ಬಂದರೆ ಮತ್ತೆ ತುಕ್ಕು ಹಿಡಿಯುವುದಿಲ್ಲವಾ?

ಮೇಜಿಗೆ ಮೇಣ ಹಚ್ಚಿ, ಒಣಬಟ್ಟೆಯಲ್ಲಿ ಉಜ್ಜಿ. ಬಿಳಿ ಮೇಣದಬತ್ತಿಯೇ ಆದೀತು. ಮರ ಜಾರುವುದೂ ಸಲೀಸಾಗುತ್ತದೆ. ಟಾರ್ಪಾಲು ಹೊದೆಸಿದರೆ ಒಳಗೇ ನೀರು ಬೆವರುತ್ತದೆ, ಹತ್ತಿಯ ಹಳೆಯ ಬೆಡ್‌ಶೀಟು ಸಾಕು. ಮರದ ಹುಡಿ ತೇವ ಹೀರುತ್ತದೆ, ಆದ್ದರಿಂದ ಕೆಲಸ ಮುಗಿದ ದಿನವೇ ಮೇಜಿನ ಮೇಲೆ, ಕೆಳಗೆ ಗುಡಿಸಿ. ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಮಿಷನನ್ನು ಹತ್ತು ನಿಮಿಷ ಖಾಲಿ ಓಡಿಸಿ, ಮೋಟಾರಿನ ತೇವ ಆರುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.